ಪದ ಪರಿಚಯ: ಹಿಡಿತದ ಒತ್ತಡ

ನೀರು ತುಂಬಿದ ಬಕೆಟ್ಟನ್ನು ಎರಡು ಮಹಡಿ ಹೊತ್ತು ಕೆಳಗಿಟ್ಟ ಮೇಲೆ ಬೆರಳು ನೋಡಿಕೊಳ್ಳಿ. ತಂತಿಯ ಹಿಡಿ ಕೂತಿದ್ದ ಕಡೆ ಗೆರೆ ಬಿದ್ದಿರುತ್ತದೆ, ಮೊದಲು ಬಿಳಿ, ಆಮೇಲೆ ಕೆಂಪು. ಅದೇ ತಂತಿಗೆ ದಪ್ಪ ಬಟ್ಟೆ ಸುತ್ತಿದರೆ ನೋವು ಕಮ್ಮಿ. ನೀರಿನ ತೂಕ ಅಷ್ಟೇ ಇದೆ, ಅಲ್ವಾ? ಇಳಿದದ್ದು ಒತ್ತಡ.

ಬಲ, ಒತ್ತಡ ಎರಡನ್ನೂ ನಾವು ಸುಮ್ನೆ ಒಂದೇ ಅರ್ಥದಲ್ಲಿ ಆಡಿಬಿಡುತ್ತೇವೆ. ಕೈ ಒಟ್ಟು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನೋದು ಬಲ. ಅದನ್ನು ತಿಳಿಯಲು ಡೈನಮೋಮೀಟರ್ ಅನ್ನೋ ಬಲ ಅಳೆಯುವ ಸಾಧನವನ್ನು ಹಿಸುಕಿದರೆ ಸಾಕು. ಆ ಬಲ ಎಷ್ಟು ಜಾಗಕ್ಕೆ ಹಂಚಿಹೋಗಿದೆ ಅನ್ನೋದರ ಮೇಲೆ ಒತ್ತಡ ನಿಂತಿದೆ. 100 ನ್ಯೂಟನ್ ಬಲ 50 ಚದರ ಸೆಂಟಿಮೀಟರಿಗೆ ಹರಡಿದರೆ 20 ಕಿಲೋಪ್ಯಾಸ್ಕಲ್. ಬರೀ 5 ಚದರ ಸೆಂಟಿಮೀಟರಿನಲ್ಲಿ ಒತ್ತಿದರೆ 200. ಹಿಡಿ ವಿನ್ಯಾಸ ಮಾಡುವವರಿಗೆ ಬೇಕಾದದ್ದು ಈ ಒತ್ತಡದ ಲೆಕ್ಕ.

ಅಳೆಯಲು ಕಾಗದದಷ್ಟು ತೆಳುವಾದ ಸೆನ್ಸರ್‌ಗಳಿವೆ. ಅವನ್ನು ಉಪಕರಣದ ಹಿಡಿಗೆ ಸುತ್ತುತ್ತಾರೆ, ಇಲ್ಲವೇ ಕೈಗವಸಿಗೆ ಅಂಟಿಸುತ್ತಾರೆ. ಒತ್ತಿದ ಕಡೆ ವಿದ್ಯುತ್ ಗುಣ ಬದಲಾಗುತ್ತದೆ, ಪರದೆಯ ಮೇಲೆ ಅಂಗೈಯ ನಕ್ಷೆ ಮೂಡುತ್ತದೆ. ಸಾಮಾನ್ಯವಾಗಿ ಜಾಸ್ತಿ ಒತ್ತಡಕ್ಕೆ ಕೆಂಪು, ಕಮ್ಮಿಗೆ ನೀಲಿ. ಕೈಗವಸಿನಲ್ಲಿ ಒಂದು ಫಜೀತಿ ಇದೆ: ಹಾಕಿಕೊಂಡರೆ ಸ್ಪರ್ಶ ಮಂಕಾಗಿ, ಮನುಷ್ಯ ಮಾಮೂಲಿಗಿಂತ ಬಿಗಿಯಾಗಿ ಹಿಡಿಯುತ್ತಾನೆ.

ಗಿಡ್ಡ ಹಿಡಿಯ ಇಕ್ಕಳ ಹಿಡಿದರೆ ನಕ್ಷೆಯಲ್ಲಿ ಅಂಗೈ ನಡುವೆ ಕೆಂಪು ಚುಕ್ಕೆ ಕಾಣುತ್ತದೆ. ಹಿಡಿಯ ತುದಿ ಅಲ್ಲೇ ಚುಚ್ಚುತ್ತಿರುತ್ತದೆ, ಚರ್ಮದ ಕೆಳಗೆ ನರ, ರಕ್ತನಾಳಗಳಿವೆ. ಅದಕ್ಕೇ ಹಿಡಿ 10 ಸೆಂಟಿಮೀಟರಿಗಿಂತ ಗಿಡ್ಡ ಇರಬಾರದು, ಅಂಗೈ ದಾಟಿ ಹೋಗಬೇಕು ಅನ್ನುತ್ತಾರೆ. ಮುಷ್ಟಿಯಲ್ಲಿ ಹಿಡಿಯುವ ಉಪಕರಣಕ್ಕೆ 3ರಿಂದ 5 ಸೆಂಟಿಮೀಟರ್ ದಪ್ಪ ಒಗ್ಗುತ್ತದೆ.

ಬೆರಳಿಗೆಂದೇ ತಗ್ಗು ಕೊರೆದ ಹಿಡಿಗಳನ್ನು ನಾನಂತೂ ನಂಬಲ್ಲ. ಅಂಗಡಿಯಲ್ಲಿ ನೋಡೋಕೆ ಚೆಂದ. ಆದರೆ ಕೈಯ ಅಳತೆ ಸ್ವಲ್ಪ ಬೇರೆಯಾದರೂ ತಗ್ಗುಗಳ ನಡುವಿನ ಏಣು ಸೀದಾ ಬೆರಳಿನ ಕೆಳಗೇ ಬರುತ್ತದೆ.

ಮೇಲ್ಮೈಯೂ ಮುಖ್ಯ. ಜಾರುವ ವಸ್ತುವನ್ನು ಕೈ ತಾನಾಗಿಯೇ ಬಿಗಿ ಹಿಡಿಯುತ್ತದೆ, ತರಿತರಿ ಇದ್ದರೆ ಸಡಿಲಿಸುತ್ತದೆ. ಜಾರದಿರಲು ಬೇಕಾದದ್ದಕ್ಕಿಂತ ತುಸುವೇ ಹೆಚ್ಚು ಬಲ ಹಾಕುವ ಈ ಅಭ್ಯಾಸವನ್ನು ಸಂಶೋಧಕರಾದ ಯೊಹಾನ್ಸನ್ ಮತ್ತು ವೆಸ್ಟ್ಲಿಂಗ್ 1984ರಲ್ಲಿ ಅಳೆದು ತೋರಿಸಿದರು. ಹಾಗಾಗಿ ಕೆಲವೊಮ್ಮೆ ಆಕಾರ ಮುಟ್ಟದೆ ರಬ್ಬರ್ ಹೊದಿಸಿದರೇ ಸಾಕು.

ಆದರೆ ಕೆಂಪು ಕಂಡಲ್ಲೆಲ್ಲ ನೋವು ಅಂತಲ್ಲ. ಬೆರಳ ತುದಿ ತಡೆದುಕೊಳ್ಳುವ ಒತ್ತಡಕ್ಕೆ ಹೆಬ್ಬೆರಳಿನ ಬುಡದ ಮೆತ್ತನೆ ಭಾಗ ನೊಂದುಕೊಳ್ಳುತ್ತದೆ. ಅದಕ್ಕೇ ನಕ್ಷೆ ಕೈಯಲ್ಲಿದ್ದರೂ, ಹಿಡಿದವರನ್ನು ‘ಎಲ್ಲಿ ನೋಯುತ್ತಿದೆ?’ ಎಂದು ಕೇಳಲೇಬೇಕಾಗುತ್ತದೆ.