ಆಗಸ್ಟ್ 15 ಅಂತ ಹೇಳಿದ್ದು ಯಾರು?

ಪಾಕಿಸ್ತಾನ ತನ್ನದೇ ಚಿತ್ರಗಳಿರುವ ಮೊದಲ ಅಂಚೆ ಚೀಟಿಗಳನ್ನು ತಂದದ್ದು 1948ರ ಜುಲೈನಲ್ಲಿ. ನಾಲ್ಕೇ ನಾಲ್ಕು ಚೀಟಿ. ಅದರಲ್ಲಿ ಸ್ವಾತಂತ್ರ್ಯದ ದಿನ ಅಂತ ಅಚ್ಚಾಗಿರುವ ತಾರೀಖು '15 ಆಗಸ್ಟ್ 1947'. 14 ಅಲ್ಲ, 15. ಅಚ್ಚಿನ ತಪ್ಪೂ ಅಲ್ಲ. ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯಲ್ಲಿ ಎರಡೂ ದೇಶಕ್ಕೆ ಬರೆದಿದ್ದ ದಿನ ಒಂದೇ.

ಆದರೆ ಆ ದಿನವನ್ನು ಆರಿಸಿದ ರೀತಿ ಇದೆಯಲ್ಲ, ಅದು ಇನ್ನೂ ವಿಚಿತ್ರ.

1947ರ ಫೆಬ್ರುವರಿಯಲ್ಲಿ ಬ್ರಿಟಿಷ್ ಪ್ರಧಾನಿ ಆಟ್ಲಿ ಹೇಳಿದ್ದು, 1948ರ ಜೂನ್ ಒಳಗೆ ಭಾರತ ಬಿಟ್ಟುಹೋಗುತ್ತೇವೆ ಅಂತ. ಅಂದರೆ ಒಂದೂಕಾಲು ವರ್ಷದ ಗಡುವು. ಜೂನ್ 3ಕ್ಕೆ ದೇಶ ವಿಭಜನೆಯ ಯೋಜನೆ ಹೊರಬಿತ್ತು. ಮಾರನೇ ದಿನ ದೆಹಲಿಯಲ್ಲಿ ಪತ್ರಿಕಾಗೋಷ್ಠಿ. ಹಾಗಾದರೆ ಅಧಿಕಾರ ಕೊಡುವುದು ಯಾವತ್ತು ಅನ್ನೋ ಪ್ರಶ್ನೆ ಬಂತು. ವೈಸರಾಯ್ ಮೌಂಟ್‌ಬ್ಯಾಟನ್ ಆಗಸ್ಟ್ 15ರ ಹೊತ್ತಿಗೆ ಅಂದುಬಿಟ್ಟರು. ಯಾಕೆ 15? ಎರಡು ವರ್ಷದ ಹಿಂದೆ ಅದೇ ದಿನ ಜಪಾನ್ ಶರಣಾಗಿತ್ತು, ಆಗ ಆಗ್ನೇಯ ಏಷ್ಯಾದ ಮಿತ್ರಪಡೆಗಳಿಗೆ ಇವರೇ ಮುಖ್ಯಸ್ಥರಾಗಿದ್ದರು. ಆಮೇಲೆ ಅವರೇ ಕೊಟ್ಟ ಕಾರಣ ಇದು. ಎಲ್ಲಾ ನನ್ನ ಕೈಯಲ್ಲಿದೆ ಅಂತ ತೋರಿಸಬೇಕಿತ್ತು ಅನ್ನೋ ಅರ್ಥದ ಮಾತನ್ನೂ ಆಡಿದ್ದಾರೆ. ದಕ್ಷಿಣ ಕೊರಿಯಾ ಕೂಡ ಸ್ವಾತಂತ್ರ್ಯದ ಹಬ್ಬ ಮಾಡುವುದು ಆಗಸ್ಟ್ 15ಕ್ಕೇ. ಅದು ಸುಮ್ನೆ ಕಾಕತಾಳೀಯ ಅಂತ ಅನೇಕರು ಅಂದುಕೊಂಡಿದ್ದಾರೆ. ಎರಡಕ್ಕೂ ಬೇರು ಒಂದೇ, ಜಪಾನಿನ ಸೋಲು.

ನಮ್ಮವರು ಇಟ್ಟುಕೊಂಡಿದ್ದ ತಾರೀಖು ಬೇರೆ. ಲಾಹೋರ್ ಕಾಂಗ್ರೆಸ್ಸಿನಲ್ಲಿ ಪೂರ್ಣ ಸ್ವರಾಜ್ಯದ ಠರಾವು ಆದ ಮೇಲೆ, 1930ರಿಂದ ಪ್ರತಿ ವರ್ಷ ಜನವರಿ 26ನ್ನು ಸ್ವಾತಂತ್ರ್ಯ ದಿನ ಅಂತಲೇ ಆಚರಿಸುತ್ತಿದ್ದರು. 1947ರಲ್ಲಿ ಆ ದಿನ ಕೈತಪ್ಪಿತು. ಸಂವಿಧಾನ ಒಪ್ಪಿಗೆಯಾದದ್ದು 1949ರ ನವೆಂಬರ್ 26ಕ್ಕೆ. ಆದರೂ ಅದನ್ನು ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು ಆ ಹಳೇ ದಿನವನ್ನು ಉಳಿಸಿಕೊಳ್ಳೋಕೆ.

ಬಾಯಲ್ಲಿ ಬಂದ ತಾರೀಖು ಆಮೇಲೆ ಎಲ್ಲರನ್ನೂ ಓಡಿಸಿತು. ಉಳಿದಿದ್ದದ್ದು 72 ದಿನ. ಸರ್ಕಾರಿ ಕಚೇರಿಗಳ ಗೋಡೆಗೆ ಹಾಳೆ ಹರಿಯುವ ಕ್ಯಾಲೆಂಡರ್ ಬಂತು. ಪ್ರತಿ ಹಾಳೆಯಲ್ಲೂ ಅವತ್ತಿನ ತಾರೀಖು, ಅದರ ಜೊತೆಗೆ ಅಧಿಕಾರ ಹಸ್ತಾಂತರದ ತಯಾರಿಗೆ ಇನ್ನೆಷ್ಟು ದಿನ ಬಾಕಿ ಅನ್ನೋ ಲೆಕ್ಕ. ಪರೀಕ್ಷೆ ಹತ್ತಿರ ಬಂದಾಗ ಮಕ್ಕಳು ಗೋಡೆ ಮೇಲೆ ಬರೆದುಕೊಳ್ಳುತ್ತಾರಲ್ಲ, ಹಾಗೆ.

ಗೃಹಪ್ರವೇಶಕ್ಕೂ ಪಂಚಾಂಗ ತೆಗೆಯುವ ಜನ ನಾವು. ದೇಶದ ವಿಷಯಕ್ಕೆ ಬಿಡ್ತೀವಾ? ಶುಕ್ರವಾರ, ಮಾರನೇ ದಿನವೇ ಅಮಾವಾಸ್ಯೆ, ದಿನ ಚೆನ್ನಾಗಿಲ್ಲ ಅಂತ ಜ್ಯೋತಿಷಿಗಳು ಗಲಾಟೆ ಎಬ್ಬಿಸಿದರು. ತಾರೀಖು ಬದಲಾಯಿಸುವ ಹಾಗಿರಲಿಲ್ಲ. ಕೊನೆಗೆ ಸಿಕ್ಕಿದ ಉಪಾಯ ಮಧ್ಯರಾತ್ರಿ. ಇಂಗ್ಲಿಷಿನವರ ದಿನ ಶುರುವಾಗುವುದು ರಾತ್ರಿ 12ಕ್ಕೆ, ಪಂಚಾಂಗದ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ಹಾಗಾಗಿ ಆ ಹೊತ್ತು ಅವರಿಗೆ 15, ನಮಗಿನ್ನೂ 14. ಸಂವಿಧಾನ ಸಭೆ ರಾತ್ರಿ 11ಕ್ಕೆ ಸೇರಿತು, 12 ಹೊಡೆದಾಗ ಶಂಖ ಊದಿದರು.

ಅದೇ 14ರ ಬೆಳಗ್ಗೆ ಮೌಂಟ್‌ಬ್ಯಾಟನ್ ಕರಾಚಿಯಲ್ಲಿದ್ದರು. ಒಬ್ಬರೇ ಮನುಷ್ಯ ಒಂದೇ ರಾತ್ರಿ ಎರಡು ರಾಜಧಾನಿಯಲ್ಲಿ ಇರೋಕಾಗಲ್ಲ ಅಲ್ವಾ? ಅಲ್ಲಿನ ಸಭೆಯಲ್ಲಿ ಮಾತಾಡಿ ದೆಹಲಿಗೆ ಹಾರಿ ಬಂದರು. ಪಾಕಿಸ್ತಾನದವರು 1948ರಲ್ಲಿ ತಮ್ಮ ಹಬ್ಬವನ್ನು 14ಕ್ಕೆ ಸರಿಸಿಕೊಂಡರು. ಆ ವರ್ಷ ಬಂದ ಅಂಚೆ ಚೀಟಿ ಮಾತ್ರ ಹಳೇ ತಾರೀಖನ್ನೇ ಹೊತ್ತುಕೊಂಡಿತ್ತು.

ಕೆಂಪುಕೋಟೆಯ ಕಥೆಯೂ ಹೀಗೇ. ನೆಹರೂ ಅಲ್ಲಿ ಮೊದಲ ಸಲ ಬಾವುಟ ಹಾರಿಸಿದ್ದು 15ಕ್ಕಲ್ಲ, 16ರ ಬೆಳಗ್ಗೆ. 15ರ ಸಂಜೆಯ ಧ್ವಜಾರೋಹಣ ನಡೆದದ್ದು ಇಂಡಿಯಾ ಗೇಟ್ ಹತ್ತಿರದ ಪ್ರಿನ್ಸೆಸ್ ಪಾರ್ಕಿನಲ್ಲಿ. ಗಾಂಧೀಜಿ ದೆಹಲಿಯಲ್ಲೇ ಇರಲಿಲ್ಲ. ಕೊಲ್ಕತ್ತದ ಬೇಲಿಯಾಘಾಟದ ಒಂದು ಹಳೇ ಮನೆಯಲ್ಲಿ ಉಪವಾಸ ಇದ್ದು ನೂಲುತ್ತಿದ್ದರು.

ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದು ಗಡಿಯ ಜನಕ್ಕೆ. ರ್‍ಯಾಡ್‌ಕ್ಲಿಫ್ ಅನ್ನೋ ವಕೀಲರು ಅದಕ್ಕೆ ಮುಂಚೆ ಭಾರತಕ್ಕೆ ಕಾಲೇ ಇಟ್ಟಿರಲಿಲ್ಲ. ಜುಲೈ 8ಕ್ಕೆ ಬಂದು ಐದು ವಾರದಲ್ಲಿ ಪಂಜಾಬ್, ಬಂಗಾಳದ ಮೇಲೆ ಗೆರೆ ಎಳೆದರು. ಅದನ್ನು ಹೊರಗೆ ಬಿಟ್ಟದ್ದು 17ನೇ ತಾರೀಖು. ಹಬ್ಬ ಮುಗಿದ ಮೇಲೆ! ಮುರ್ಷಿದಾಬಾದಿನಲ್ಲಿ ಅಷ್ಟರಲ್ಲಿ ಪಾಕಿಸ್ತಾನದ ಬಾವುಟ ಏರಿ ಹಾರುತ್ತಿತ್ತು. ಖುಲ್ನಾದಲ್ಲಿ ತ್ರಿವರ್ಣ. ಎರಡನ್ನೂ ಇಳಿಸಿ ಅದಲುಬದಲು ಮಾಡಬೇಕಾಯಿತು. ನಾದಿಯಾ ಜಿಲ್ಲೆಯ ಕೆಲವು ಊರುಗಳಲ್ಲಿ ಇವತ್ತಿಗೂ ಆಗಸ್ಟ್ 18ಕ್ಕೆ ಬಾವುಟ ಹಾರಿಸುತ್ತಾರೆ. ಅವರ ಪಾಲಿನ ಸ್ವಾತಂತ್ರ್ಯ ಬಂದದ್ದು ಅವತ್ತೇ.

ನಮ್ಮ ಕಡೆಯೂ ತಾರೀಖು ಒಂದೇ ಆಗಿರಲಿಲ್ಲ. ಮೈಸೂರಿನ ಮಹಾರಾಜರು ಆಗಸ್ಟ್‌ನಲ್ಲೇ ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದರು, ಸರಿ. ಆದರೆ ರಾಜ್ಯ ನಡೆಸುತ್ತಿದ್ದದ್ದು ದಿವಾನರೇ. ಜನರ ಸರ್ಕಾರ ಬೇಕು ಅಂತ ಸೆಪ್ಟೆಂಬರ್ 1ಕ್ಕೆ 'ಮೈಸೂರು ಚಲೋ' ಶುರುವಾಯಿತು. ಆ ತಿಂಗಳು ಮೈಸೂರಿನಲ್ಲಿ ಗುಂಡೇಟಿಗೆ ರಾಮಸ್ವಾಮಿ ಅನ್ನೋ ವಿದ್ಯಾರ್ಥಿ ಸತ್ತ. ದೇಶಕ್ಕೆ ಸ್ವಾತಂತ್ರ್ಯ ಬಂದು ಇನ್ನೂ ಒಂದೆರಡು ತಿಂಗಳೂ ಆಗಿರಲಿಲ್ಲ. ದಿನಾ ರಾಮಸ್ವಾಮಿ ಸರ್ಕಲ್ ದಾಟಿ ಹೋಗುವವರಲ್ಲಿ ಎಷ್ಟು ಜನರಿಗೆ ಆ ಹೆಸರು ಯಾರದ್ದು ಅಂತ ಗೊತ್ತಿದೆಯೋ! ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ಕೊನೆಗೆ.

ಬೀದರ್, ಕಲಬುರಗಿ, ರಾಯಚೂರು ಇನ್ನೂ ದೂರ ಉಳಿದವು. ಅವು ನಿಜಾಮರ ಕೈಯಲ್ಲಿದ್ದವು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು ಹೈದರಾಬಾದಿನ ಹೋರಾಟದ ಮುಂದಾಳು. 1947ರ ಆಗಸ್ಟ್ 15ರಂದು ದೇಶವೆಲ್ಲ ಸಿಹಿ ಹಂಚುತ್ತಿದ್ದಾಗ ಅವರನ್ನು ಬಂಧಿಸಿದರು. ಮುಂದಿನ ಒಂದು ವರ್ಷ ನಿಜಾಮರ ಪರ ನಿಂತಿದ್ದ ಖಾಸಗಿ ಪಡೆಯವರು, ಅಂದರೆ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಹೋಯಿತು, 17ಕ್ಕೆ ನಿಜಾಮರು ಸೋತರು. ಆ ಭಾಗದ ಶಾಲೆ ಮೈದಾನಗಳಲ್ಲಿ ಆಗಸ್ಟ್ 15ಕ್ಕೆ ಒಂದು ಸಲ ಬಾವುಟ ಏರುತ್ತದೆ. ಒಂದು ತಿಂಗಳು ಕಳೆದು ಎರಡು ದಿನಕ್ಕೆ ಅದೇ ಕಂಬ, ಅದೇ ಹಗ್ಗ, ಬಾವುಟದ ಗಂಟಿನೊಳಗೆ ಮತ್ತೆ ಹೂವಿನ ಎಸಳು.