ಲೋಹ ಹೋಯಿತು ಸರಿ, ಎಲ್ಲಿಗೆ?

ಕಾರ್ಖಾನೆಯ ಕೊಳಕು ನೀರು ನೋಡಲು ಕರೆದವರು ಮೊದಲು ತೋರಿಸುವುದು ಎರಡು ಗಾಜಿನ ಲೋಟ. ಒಂದರಲ್ಲಿ ನಿಕಲ್ ಲೋಹ ಕರಗಿದ ಹಸಿರು ಛಾಯೆಯ ನೀರು, ಇನ್ನೊಂದರಲ್ಲಿ ಆ ಲೋಹ ತೆಗೆದ ತಿಳಿ ನೀರು. "ಬರೀ ಮರದ ಹೊಟ್ಟು ಸಾರ್. ಖರ್ಚೇ ಇಲ್ಲ!" ಮುಖದಲ್ಲಿ ಮಗು ಪಾಸಾದಷ್ಟು ಖುಷಿ. ನಾನು ಕೇಳುತ್ತೇನೆ: ಆ ಹೊಟ್ಟು ಈಗ ಎಲ್ಲಿದೆ? ಅಲ್ಲಿಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಕಸದಿಂದ ಲೋಹ ಹಿಡಿಯುವುದು ಸುಳ್ಳಲ್ಲ. ಮರದ ಹೊಟ್ಟು, ತೆಂಗಿನ ಚಿಪ್ಪಿನ ಇದ್ದಿಲು, ಬಳಸಿ ಬಿಟ್ಟ ಚಹಾಪುಡಿ, ಹಣ್ಣಿನ ಸಿಪ್ಪೆ, ಇವೆಲ್ಲದರ ಮೈಮೇಲೆ ಲೋಹದ ಅಯಾನು, ಅಂದರೆ ನೀರಿನಲ್ಲಿ ಕರಗಿದ ವಿದ್ಯುದಂಶವಿರುವ ಕಣ, ಅಂಟಿಕೊಳ್ಳಲು ಜಾಗವಿದೆ. ಮೊಟ್ಟೆ ಚಿಪ್ಪಿನ ಕಥೆ ಸ್ವಲ್ಪ ಬೇರೆ. ಅದು ಹೆಚ್ಚೂಕಡಿಮೆ ಸುಣ್ಣದಕಲ್ಲೇ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸಿ ಲೋಹವನ್ನು ಕೆಸರಾಗಿ ತಳಕ್ಕೆ ಕೂರಿಸುವುದೇ ಅದರ ಮುಖ್ಯ ಕೆಲಸ. ಜನ ಮಾತ್ರ ಚಿಪ್ಪು ಹೀರಿಕೊಂಡಿತು ಅನ್ನುತ್ತಾರೆ. ಇರಲಿ.

ನನ್ನ ತಕರಾರು ಒಂದೇ. ಲೋಹ ಸಾಯುವುದಿಲ್ಲ. ಎಣ್ಣೆಯನ್ನೋ ಸಕ್ಕರೆಯನ್ನೋ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ನಿಕಲ್ ಅನ್ನು ಯಾರೂ ತಿಂದು ಮುಗಿಸಲಾರರು. ಲೆಕ್ಕ ಹಾಕೋಣ, ಕಷ್ಟವೇನಿಲ್ಲ. ದಿನಕ್ಕೆ 10,000 ಲೀಟರ್ ನೀರು, ಲೀಟರಿಗೆ 50 ಮಿಲಿಗ್ರಾಂ ನಿಕಲ್. ಅಂದರೆ ದಿನಕ್ಕೆ 500 ಗ್ರಾಂ. ವರ್ಷಕ್ಕೆ 300 ದಿನ ಕೆಲಸ ನಡೆದರೆ 150 ಕಿಲೋ. ನಿಮ್ಮ ನೀರು ಚೊಕ್ಕಟವಾಗಿದೆ ಎಂದರೆ ಆ 150 ಕಿಲೋ ಬೇರೆಲ್ಲೋ ಕೂತಿದೆ ಎಂದೇ ಅರ್ಥ. ಶೆಡ್ಡಿನ ಹಿಂದೆ ಇರಬಹುದು, ಮಳೆಗೆ ನೆನೆಯುವ ಚೀಲದಲ್ಲಿರಬಹುದು, ಗಿಡದ ಬುಡದಲ್ಲಿರಬಹುದು.

ಇನ್ನು ಹೊಟ್ಟಿನ ಲೆಕ್ಕ. ಒಂದು ಗ್ರಾಂ ಹೊಟ್ಟು 10 ಮಿಲಿಗ್ರಾಂ ಹಿಡಿಯಿತು ಅಂದುಕೊಳ್ಳಿ. ದಿನಕ್ಕೆ 50 ಕಿಲೋ ಹೊಟ್ಟು ಬೇಕು. ವರ್ಷಕ್ಕೆ 15 ಟನ್. ಅದೂ ಒಣಗಿದ್ದರೆ. ನಿಜವಾದ ನೀರಿನಲ್ಲಿ ಕ್ಯಾಲ್ಸಿಯಂ ಕೂಡ ಅದೇ ಜಾಗಕ್ಕೆ ನುಗ್ಗುವುದರಿಂದ ಜಾಸ್ತಿಯೇ ಬೇಕಾದೀತು. ಖರ್ಚೇ ಇಲ್ಲ ಅಂದಿದ್ದರಲ್ವಾ?

ನಿಕಲ್ ಪ್ಲೇಟಿಂಗ್, ಅಂದರೆ ಸಾಮಾನಿಗೆ ನಿಕಲ್ ಲೇಪ ಕೊಡುವ ಕೆಲಸ, ಮಾಡುವ ಒಂದು ಕಡೆ ಮೊದಲ ಕೆಲವು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಶುದ್ಧೀಕರಣಕ್ಕೆ ಬರುವ ನೀರಿನಲ್ಲೇ ನಿಕಲ್ ಏರತೊಡಗಿತು. ಉತ್ಪಾದನೆ ಏನೂ ಹೆಚ್ಚಿರಲಿಲ್ಲ. ಮಾಲೀಕರು ಲ್ಯಾಬಿನವರನ್ನು ಬೈದರು, ಲ್ಯಾಬ್ ಬದಲಾಯಿಸಿದರು, ಆ ಲ್ಯಾಬನ್ನೂ ಬೈದರು. ನಾನೂ ಎರಡು ಸಲ ಹೋಗಿ ಪೈಪು, ಮೀಟರ್ ನೋಡಿ ಬಂದೆ. ಏನೂ ಹೊಳೆಯಲಿಲ್ಲ. ಮೂರನೇ ಸಲ ನೆಲ ತೊಳೆಯುತ್ತಿದ್ದ ಹುಡುಗ ಹತ್ತಿರ ಬಂದು ಕೇಳಿದ: "ಸಾರ್, ಆ ಚೀಲದ ಕೆಳಗೆ ಹಸಿರು ನೀರು ಬರ್ತದಲ್ಲ, ಅದು ಹಾಗೇನಾ?"

ಬಳಸಿದ ಹೊಟ್ಟಿನ ಚೀಲಗಳನ್ನು ಆಸಿಡ್ ತೊಟ್ಟಿಯ ಪಕ್ಕ ಪೇರಿಸಿದ್ದರು. ತೊಟ್ಟಿಯಿಂದ ಎತ್ತಿದ ಸಾಮಾನಿನ ಆಸಿಡ್ ಅದರ ಮೇಲೆ ಸೋರುತ್ತಿತ್ತು. ಆಸಿಡ್ ತಾಗಿದರೆ ಹೈಡ್ರೋಜನ್ ಅಯಾನುಗಳು ಹಿಂಡಾಗಿ ಬಂದು ಲೋಹವನ್ನು ಎಬ್ಬಿಸಿ ತಾವು ಕೂರುತ್ತವೆ. ನೆಲ ತೊಳೆದ ನೀರು ಸೀದಾ ಕೊಳಕು ನೀರಿನ ತೊಟ್ಟಿಗೆ. ಹಿಡಿದ ನಿಕಲ್ಲನ್ನೇ ಅವರು ಮತ್ತೆ ಮತ್ತೆ ಹಿಡಿಯುತ್ತಿದ್ದರು. ಆ ಹುಡುಗನಿಗೆ ಸಂಬಳ ಏರಿಸಿ ಅಂದೆ. ಏರಿಸಿದರೋ ಇಲ್ಲವೋ.

ಇದೇ ಗುಣವನ್ನು ಬೇಕೆಂದೇ ಬಳಸಬಹುದು. ತೆಳು ಮಾಡಿದ ಸ್ವಲ್ಪವೇ ಆಸಿಡ್‌ನಲ್ಲಿ ಹೊಟ್ಟು ತೊಳೆದರೆ ಗಟ್ಟಿ ನಿಕಲ್ ದ್ರಾವಣ ಸಿಗುತ್ತದೆ. ಪ್ರತಿ ಸುತ್ತಿಗೂ ಹೊಟ್ಟಿನ ಶಕ್ತಿ ಕುಂದುತ್ತದೆ. ಆ ದ್ರಾವಣವನ್ನು ಪರೀಕ್ಷಿಸದೆ ಪ್ಲೇಟಿಂಗ್ ತೊಟ್ಟಿಗೆ ಸುರಿಯಬೇಡಿ. ಸಯನೈಡ್ ಬಳಸುವ ಜಾಗವಾದರೆ ಆಸಿಡ್ ಹತ್ತಿರವೂ ತರಬೇಡಿ, ಏಳುವ ಅನಿಲ ಜೀವ ತೆಗೆಯುತ್ತದೆ.

ಆರು ವೇಲೆನ್ಸಿಯ ಕ್ರೋಮಿಯಂಗೆ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಹೊಟ್ಟಿನಲ್ಲಿ ಹಿಡಿದು ಆಸಿಡ್ ಹಾಕಿ ಬಿಡಿಸುವ ಈ ಮಾತು ಪೂರ್ತಿ ಹೊಂದುವುದಿಲ್ಲ. ಅದಕ್ಕೆ ಲೇತ್‌ನಿಂದ ಬಿದ್ದ ಕಬ್ಬಿಣದ ಚೂರು ಒಳ್ಳೆಯ ಮದ್ದು. ಆಮ್ಲೀಯ ನೀರಿನಲ್ಲಿ ಕಬ್ಬಿಣ ಅದನ್ನು ಮೂರು ವೇಲೆನ್ಸಿಗೆ ಇಳಿಸುತ್ತದೆ. ಆಮೇಲೆ ಪಿಎಚ್ 8ರಿಂದ 9ರ ಆಸುಪಾಸಿಗೆ ತಂದರೆ ತಳಕ್ಕೆ ಕೂರುತ್ತದೆ. ಆ ಕೆಸರಿಗೂ ನನ್ನದು ಅದೇ ಪ್ರಶ್ನೆ. ಲೋಹ ಹಿಡಿಯಲು ಹೊಟ್ಟಿನ ಬದಲು ಹಾರುಬೂದಿ ಬಳಸುವವರು ಮೊದಲು ಬೂದಿಯನ್ನೇ ಒಳ್ಳೆಯ ನೀರಿನಲ್ಲಿ ನೆನೆಸಿ ಆ ನೀರನ್ನು ಪರೀಕ್ಷೆಗೆ ಕೊಡಿ. ಕಲ್ಲಿದ್ದಲ ಬೂದಿಯಲ್ಲಿ ಆರ್ಸೆನಿಕ್, ಕ್ರೋಮಿಯಂ ಮೊದಲೇ ಇರುತ್ತವೆ.

ಮೊನ್ನೆ ಒಬ್ಬರಿಗೆ ಇಷ್ಟೂ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. "ಹಾಗಾದ್ರೆ ಹೊಟ್ಟು ಸುಟ್ಟುಬಿಟ್ಟರೆ?" ಅಂದರು. ಸುಟ್ಟರೆ 15 ಟನ್ ಹೊಟ್ಟು ಕೆಲವು ನೂರು ಕಿಲೋ ಬೂದಿ ಆಗುತ್ತದೆ, ನಿಕಲ್ ಹೆಚ್ಚೂಕಡಿಮೆ ಪೂರ್ತಿ ಆ ಬೂದಿಯಲ್ಲೇ ಇರುತ್ತದೆ, ಕ್ಯಾಡ್ಮಿಯಂ ಇದ್ದರೆ ಒಂದಷ್ಟು ಹೊಗೆಯಲ್ಲೂ ಹೋಗುತ್ತದೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು.

"ಹೊಗೆಗೂ ಹೊಟ್ಟು ಹಾಕಬಹುದಾ ಸಾರ್?"