ಉಜ್ಜಬೇಡಿ, ತೂಗಿ ನೋಡಿ: ಹಳೇ ಪದಕದ ಲೋಹ ಗುರುತಿಸುವ ಬಗೆ

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಹಾಗಾಗಿ ಸುತ್ತಲಿನ ಹಳ್ಳಿಗಳಲ್ಲಿ ಅಜ್ಜ, ಮುತ್ತಜ್ಜರ ಪದಕಗಳು ಟ್ರಂಕಿನ ತಳದಲ್ಲಿ ಸಿಗುತ್ತಲೇ ಇರುತ್ತವೆ. ಲೋಹ ಪರೀಕ್ಷೆ ನನ್ನ ಕೆಲಸ. ಪದಕ ತಂದವರು ಮೊದಲು ಕೇಳುವುದು, "ಇದು ಬೆಳ್ಳಿ ಐತೇನ್ರಿ?" ಅಂತ. ಎಷ್ಟೋ ಜನ ಹುಣಸೆಹಣ್ಣು ಹಚ್ಚಿ, ಗಸಗಸ ತಿಕ್ಕಿ, ಬೆಳಗಿಸಿಕೊಂಡೇ ಬಂದಿರುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ಅವರು ಅಳಿಸಿದ ಕಪ್ಪು ಮತ್ತು ಹಸಿರೇ ನನಗೆ ಬೇಕಾದ ಸುಳಿವು.

ಮೊದಲು ಕಣ್ಣಿನಿಂದ ನೋಡಿ. ರಾಜನ ಮುಖವಿದ್ದರೆ ಮೂಗು, ಕೆನ್ನೆ ಬೇಗ ಸವೆಯುತ್ತವೆ. ಅಲ್ಲಿ ಬಿಳುಪಿನ ಅಡಿಯಿಂದ ಕೆಂಪೋ ಹಳದಿಯೋ ಇಣುಕಿದರೆ ಮೇಲಿರುವುದು ಬರೀ ಲೇಪ. ಬೆಳ್ಳಿ ಗಾಳಿಯಲ್ಲಿನ ಗಂಧಕದಿಂದ ಕಪ್ಪಾಗುತ್ತದೆ. ಸಂದುಗಳಲ್ಲಿ ಹಸಿರು ಜಾಸ್ತಿ ಇದ್ದರೆ ತಾಮ್ರದ ಪಾಲು ದೊಡ್ಡದು. ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ ಅಥವಾ ನಿಕ್ಕಲ್. ಅಂಟಲಿಲ್ಲ ಅಂತ ಬೆಳ್ಳಿ ಎಂದುಕೊಳ್ಳಬೇಡಿ, ತಾಮ್ರ-ನಿಕ್ಕಲ್ ಮಿಶ್ರಣವೂ ಅಂಟುವುದಿಲ್ಲ.

ಇನ್ನು ತೂಕ. ಇದು ನನಗೆ ಬಹಳ ಇಷ್ಟದ ಪರೀಕ್ಷೆ, ಪದಕಕ್ಕೆ ಒಂದು ಗೀರೂ ಬೀಳುವುದಿಲ್ಲ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ರಿಬ್ಬನ್ ಬಿಚ್ಚಿ ಒಣಗಿದ ಪದಕ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪದಕವನ್ನು ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೆ, ಬದಿಗೆ ತಾಗಬಾರದು, ಗುಳ್ಳೆ ಉಳಿಯಬಾರದು. ಈಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಬರುವ ಉತ್ತರವೇ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಲೋಹ ಎಷ್ಟು ಪಟ್ಟು ಭಾರ ಅಂತ. ಉದಾಹರಣೆಗೆ, ಪದಕ 31.2 ಗ್ರಾಂ ಇದ್ದು, ನೀರಲ್ಲಿ 3.0 ತೋರಿಸಿದರೆ 10.4. ಅದು ಒಳ್ಳೆ ಬೆಳ್ಳಿಯ ಸಾಂದ್ರತೆ. 3.5 ತೋರಿಸಿದರೆ 8.9, ತಾಮ್ರದ ಅಥವಾ ತಾಮ್ರ-ನಿಕ್ಕಲ್‌ನ ಸಾಂದ್ರತೆ. 4.3 ಬಂದರೆ 7.3ರ ಹತ್ತಿರ, ಅಂದರೆ ತವರದ ಮಿಶ್ರಣ. ಅಲ್ಯೂಮಿನಿಯಂ ಬರೀ 2.7.

ಕೈ ಪಳಗಲಿ ಅಂತ ಮೊದಲು ಲಕ್ಷ್ಮೀಪೂಜೆಗೆ ಇಟ್ಟ ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರಾಣಿಯ ಮುಖವಿರುವ ಹಳೇ ಬೆಳ್ಳಿ ನಾಣ್ಯ, ತೂಗಿ ನೋಡಿ. ಅದು 11.66 ಗ್ರಾಂ, ಶೇ. 91.7 ಬೆಳ್ಳಿ. ನೀರಲ್ಲಿ ಸುಮಾರು 1.13 ಬರಬೇಕು. ಸವೆದ ನಾಣ್ಯದ ತೂಕ ಸ್ವಲ್ಪ ಕಡಿಮೆ ಇರಬಹುದು, ಆದರೆ ಭಾಗಿಸಿದ ಉತ್ತರ ಹೆಚ್ಚುಕಡಿಮೆ 10.3 ಬರಲೇಬೇಕು. ಬರದಿದ್ದರೆ ನಿಮ್ಮ ವಿಧಾನ ಸರಿಮಾಡಿಕೊಳ್ಳಿ.

ಈ ಲೆಕ್ಕಕ್ಕೂ ಮಿತಿ ಇದೆ. ಪದಕದ ಕೊಂಡಿ ಬೇರೆ ಲೋಹದ್ದಾದರೆ ಉತ್ತರ ಏರುಪೇರಾಗುತ್ತದೆ. ಸೀಸ 11.3 ಇರುವುದರಿಂದ ಹಿತ್ತಾಳೆ ಜೊತೆ ಸೇರಿದರೆ ಬೆಳ್ಳಿಯ ಹಾಗೇ ತೋರಬಹುದು. ಪುಡಿಪುಡಿ ಹಸಿರು ಉದುರುತ್ತಿರುವ ಪದಕವನ್ನು ನೀರಿಗೆ ಹಾಕಲೇಬೇಡಿ. ಸಂಶಯ ಉಳಿದರೆ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರ ಇರುತ್ತದೆ. ಆದರೆ ಅದು ಓದುವುದು ಮೇಲ್ಮೈಯನ್ನು ಮಾತ್ರ. ದಪ್ಪ ಬೆಳ್ಳಿ ಲೇಪವಿದ್ದರೆ ಬೆಳ್ಳಿ ಅಂತಲೇ ಹೇಳಿಬಿಡುತ್ತದೆ. ಸವೆದ ಜಾಗ, ಸಪಾಟ ಜಾಗ, ಕೊಂಡಿ, ಮೂರನ್ನೂ ಬೇರೆಬೇರೆ ಓದಿಸಿ, ತೂಕದ ಲೆಕ್ಕದ ಜೊತೆ ಹೋಲಿಸಿ.

ಸರಾಫರಿಗೆ ಕೊಟ್ಟರೆ ಅಂಚಿಗೆ ಅರ ಹಾಕಿ, ಒರೆಗಲ್ಲಿಗೆ ಉಜ್ಜಿ, ಆಸಿಡ್ ಬಿಟ್ಟು ನೋಡುತ್ತಾರೆ. ಒಡವೆಗೆ ಅದು ಸರಿ. ಪದಕದ ಅಂಚಿನಲ್ಲಿ ಮಾತ್ರ ಬೇಡ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಕೆತ್ತಿರುತ್ತದೆ. ಅರ ಆಡಿದರೆ ಅಜ್ಜನ ಹೆಸರೇ ಹೋಗುತ್ತದೆ.

ಒಂದು ತಪ್ಪು ತಿಳಿವಳಿಕೆ ನನ್ನನ್ನು ಕಾಡುತ್ತದೆ. ಪಕ್ಕದವರ ಪದಕ ಬೆಳ್ಳಿ, ನಮ್ಮದು ಕಂದು, ಅಂದಮೇಲೆ ನಮ್ಮದು ನಕಲಿ ಎಂದುಕೊಳ್ಳುತ್ತಾರೆ. ಅದೇ ವಾರ್ ಮೆಡಲ್ ಸೈನಿಕರಿಗೆ ಬೆಳ್ಳಿಯಲ್ಲಿ ಸಿಕ್ಕಿತು. ಭಾರತೀಯ ಲೇಬರ್ ಕೋರ್‌ನ ಕೂಲಿಗಳಿಗೆ ಅದೇ ಅಚ್ಚಿನಲ್ಲಿ ಕಂಚಿನದು ಸಿಕ್ಕಿತು. ಎರಡೂ ಅಸಲಿ. ಅದೇ ಯುದ್ಧದ ವಿಕ್ಟರಿ ಮೆಡಲ್ ಯಾರಿಗೆ ಸಿಕ್ಕಿದ್ದರೂ ಕಂಚಿನದೇ. 1911ರ ದೆಹಲಿ ದರ್ಬಾರ್ ಪದಕ ಬಹುಪಾಲು ಬೆಳ್ಳಿ. ಎರಡನೇ ಮಹಾಯುದ್ಧಕ್ಕೆ ಭಾರತೀಯರಿಗೆ ಬಂದ ವಾರ್ ಮೆಡಲ್ ತಾಮ್ರ-ನಿಕ್ಕಲ್, ಅದರಲ್ಲಿ ಬೆಳ್ಳಿ ಹುಡುಕಬೇಡಿ. ನಿಮ್ಮದು ಮೊದಲ ಮಹಾಯುದ್ಧದ ಕಂದು ಬಣ್ಣದ ವಾರ್ ಮೆಡಲ್ ಆಗಿದ್ದರೆ ಒಂದು ಭೂತಗನ್ನಡಿ ಹಿಡಿದು ಅಂಚಿನ ಅಕ್ಷರ ಓದಿ. ಅಲ್ಲಿ ಲೇಬರ್ ಕೋರ್ ಅಂತಿದ್ದರೆ ಕಂಚು ಇರಬೇಕಾದ್ದೇ.